ಕೋಚ್ ಬರುತ್ತಿದ್ದ ಶುಕ್ರವಾರಗಳು

ಆಗಿನ ಶುಕ್ರವಾರಗಳಲ್ಲಿ, ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ, ಅಮೆರಿಕದ ನಾರ್ತ್‌ವಿಲ್‌ನ ನಮ್ಮ ಮನೆಯ ಅಡುಗೆಮನೆ ಮೇಜಿನ ಸುತ್ತ ನಾಲ್ಕು ಜನ ಕೂತಿರುತ್ತಿದ್ದೆವು. ಕಿಟಕಿ ಕಡೆಯ ಕುರ್ಚಿಯಲ್ಲಿ ಸ್ವೆಟರಿನ ಮೇಲೊಂದು ಸ್ವೆಟರ್ ಹಾಕಿಕೊಂಡ ನಮ್ಮ ತಾತ. ಅವರೆದುರು, ಕುರ್ಚಿಯೇ ಕಾಣದ ಹಾಗೆ ತುಂಬಿಕೊಂಡು, ಪಕ್ಕದ ಮನೆಯ ಕೋಚ್ ವೆಂಡೆಲ್. ಅವರ ಮಗಳು ಟೆಸ್, ಆರನೇ ತರಗತಿ, ನನ್ನ ಜೊತೆಯವಳು. ನಾಲ್ಕನೆಯವಳು ನಾನು, ಹನ್ನೊಂದು ವರ್ಷದ ದುಭಾಷಿ. ಅಪ್ಪ ವಾರೆನ್‌ನಲ್ಲಿ ಕಾರು ಕಂಪನಿಯ ಕೆಲಸದಲ್ಲಿರುತ್ತಿದ್ದರು, ಅಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ. ಅವರಿಬ್ಬರೂ ಮನೆಗೆ ಬರುವ ಹೊತ್ತಿಗೆ ನಮ್ಮ ಸಭೆ ಮುಗಿದು, ಮೇಜಿನ ಮೇಲೆ ಅವಲಕ್ಕಿ ಒಗ್ಗರಣೆಯ ವಾಸನೆ ಮಾತ್ರ ಉಳಿದಿರುತ್ತಿತ್ತು.

ವೆಂಡೆಲ್ ನಮ್ಮ ಊರಿನ ದೊಡ್ಡ ಫುಟ್‌ಬಾಲ್ ತಂಡದ ಕೋಚುಗಳಲ್ಲಿ ಒಬ್ಬರು; ಅಮೆರಿಕದ ಫುಟ್‌ಬಾಲ್, ಕಾಲಿಗಿಂತ ಹೆಚ್ಚು ಕೈಯಲ್ಲಿ ಆಡುವುದು. ಟಿವಿಯಲ್ಲಿ ಕ್ಯಾಮೆರಾ ಹಿಡಿದು ತೋರಿಸುವ ಮುಖ್ಯ ಕೋಚ್ ಅಲ್ಲ, ಅವರ ಕೈಕೆಳಗಿನ ಹತ್ತು ಹದಿನೈದು ಜನರಲ್ಲಿ ಒಬ್ಬರು. ಬೇರೆ ದಿನಗಳಲ್ಲಿ ಹೊತ್ತು ಹುಟ್ಟುವ ಮುಂಚೆ ಹೋದರೆ ನಾವು ಮಲಗಿದ ಮೇಲೆಯೇ ಅವರ ಕಾರು ಬರುತ್ತಿತ್ತು. ಶುಕ್ರವಾರ ಮಾತ್ರ ಆಟಗಾರರನ್ನು ಬೇಗ ಬಿಡುತ್ತಿದ್ದರು. ಟೆಸ್‌ಳ ಅಮ್ಮ ಮಾರ್ಲೀನ್ ಆಂಟಿಗೂ ಕೆಲಸವಿದ್ದದ್ದರಿಂದ ಅವಳು ಶಾಲೆ ಬಿಟ್ಟ ಮೇಲೆ ನಮ್ಮ ಮನೆಯಲ್ಲೇ ಇರುತ್ತಿದ್ದಳು. ಅವಳನ್ನು ಕರೆದುಕೊಂಡು ಹೋಗಲು ಬಂದ ಕೋಚ್ ಒಂದು ಶುಕ್ರವಾರ ಕಾಫಿ ಕುಡಿದರು. ಮುಂದಿನ ವಾರ ಕಾಫಿಗೆಂದೇ ಬಂದರು.

ತಾತ ಸೆಪ್ಟೆಂಬರಿನಲ್ಲಿ ಮೈಸೂರಿನಿಂದ ಬಂದಿದ್ದರು, ಆರು ತಿಂಗಳ ವೀಸಾ. ಅಜ್ಜಿ ತೀರಿಕೊಂಡ ಮೇಲೆ ಅದೇ ಮೊದಲು. ಅಲ್ಲಿ ಒಂದೇ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವರು, ಖೋ ಖೋ ಹೇಳಿಕೊಡುತ್ತಿದ್ದವರು. ಇಂಗ್ಲಿಷ್ ಬರುತ್ತಿರಲಿಲ್ಲ ಎಂದಲ್ಲ. ಅಮೆರಿಕದವರ ಇಂಗ್ಲಿಷ್ ಕಿವಿಗೆ ಹತ್ತುತ್ತಿರಲಿಲ್ಲ. "ಇವ್ರು ಮಾತನ್ನ ಅಗಿಯದೆ ನುಂಗ್ತಾರೆ ಕಣಮ್ಮಣ್ಣಿ, ನೀನು ಹೇಳು" ಎನ್ನುತ್ತಿದ್ದರು. ನನಗೆ ಕನ್ನಡ ಬಂದದ್ದು ಹಾಗೆ. ಅಲ್ಲಿಯವರೆಗೆ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ನಾನು, ಆ ಮೇಜಿನಲ್ಲಿ ಎರಡು ಕಡೆಗೂ ಬೇಕಾದವಳಾದೆ. ಕೋಚ್ ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ತಾತನಿಗೆ ಹೇಳುತ್ತಿದ್ದ ಹಾಗೆಯೇ ಇಲ್ಲೂ ಬರೆಯುತ್ತೇನೆ.

ಮೊದಲ ದಿನವೇ ತಾತ ಕೇಳಿದ್ದು, "ನೀವು ಹೇಳಿಕೊಡೋದು ಏನು?"

ಕೋಚ್ ಡಬ್ಬಿಗೆ ಕೈಹಾಕಿ ಐದು ಕೋಡುಬಳೆ ತೆಗೆದು ಮೇಜಿನ ಮೇಲೆ ಸಾಲಾಗಿಟ್ಟರು. ಅವುಗಳ ಹಿಂದೆ ಒಂದು ಕಡಲೆಕಾಯಿ ಬೀಜ. "ಈ ಬೀಜ ಇದ್ಯಲ್ಲ, ಇವನು ಚೆಂಡು ಎಸೆಯೋನು. ಊರಿಗೆಲ್ಲ ಇವನ ಹೆಸರೇ ಗೊತ್ತು. ನಡುವಿನವನು ಚೆಂಡು ಹಿಂದಕ್ಕೆ ಕೊಡೋದು ಬಿಟ್ರೆ, ಈ ಐದು ಜನ ಇಡೀ ಆಟದಲ್ಲಿ ಚೆಂಡು ಮುಟ್ಟಲ್ಲ. ಎದುರಿನವರು ಬಂದು ಇವನ ಮೈಮೇಲೆ ಬೀಳದ ಹಾಗೆ ಅಡ್ಡ ನಿಲ್ಲೋದಷ್ಟೇ. ಈ ಐದು ಜನ ನನ್ನ ಹುಡುಗ್ರು."

"ಚೆಂಡೇ ಮುಟ್ಟದ ಚೆಂಡಾಟ!" ತಾತನಿಗೆ ಬಹಳ ಖುಷಿಯಾಯಿತು. "ಗೆದ್ರೆ ಹೆಸರು ಯಾರಿಗೆ?"

ಕೋಚ್ ಬೀಜ ತೋರಿಸಿದರು.

"ಸೋತ್ರೆ?"

ಕೋಚ್ ಕೋಡುಬಳೆಗಳನ್ನು ತೋರಿಸಿ, ಆಮೇಲೆ ತಮ್ಮ ಎದೆ ತೋರಿಸಿಕೊಂಡರು. ತಾತ ಯೋಚಿಸುತ್ತ ಎಡತುದಿಯ ಕೋಡುಬಳೆ ತೆಗೆದು ಬಾಯಿಗೆ ಹಾಕಿಕೊಂಡುಬಿಟ್ಟರು.

"ಅಯ್ಯೋ, ಅವನೇ ನನ್ನ ಬೆಸ್ಟ್ ಹುಡುಗ!" ಎಂದು ಕೋಚ್ ತಲೆ ಮೇಲೆ ಕೈಹೊತ್ತುಕೊಂಡರು. ಟೆಸ್ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು.

ಅಂದಿನಿಂದ ಅವರಿಬ್ಬರೂ ಮೇಷ್ಟ್ರು-ಮೇಷ್ಟ್ರು. ತಾತ ಖೋ ಖೋ ಸಾಲು ತೋರಿಸುತ್ತಿದ್ದರು: ಒಬ್ಬ ಆ ಕಡೆ ಮುಖ, ಪಕ್ಕದವನು ಈ ಕಡೆ ಮುಖ, ಕೂತಲ್ಲೇ ಕಾಲಬೆರಳು ಹೇಗೆ ಊರಿರಬೇಕು, ಎದ್ದ ಮೊದಲ ಹೆಜ್ಜೆ ಹೇಗಿರಬೇಕು. ಎಪ್ಪತ್ತೆರಡು ವರ್ಷದ ತಾತ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರೆ, ಮುನ್ನೂರು ಪೌಂಡಿನ ಕೋಚ್ ಅವರ ಪಕ್ಕ ಕೂರಲು ಹೋಗಿ ಡಿಶ್‌ವಾಷರ್ ಹಿಡಿದುಕೊಂಡರು. "ಮೊದಲ್ನೇ ಹೆಜ್ಜೆ," ಎಂದು ಮತ್ತೆ ಮತ್ತೆ ಹೇಳಿಕೊಂಡರು. "ನಾನೂ ಅದನ್ನೇ ಹೇಳಿ ಹೇಳಿ ಸಾಯ್ತೀನಿ."

ಆದರೆ ಆ ವರ್ಷ ತಂಡ ಸೋಲುತ್ತಿತ್ತು. ಎಲೆ ಉದುರಿದಂತೆ ಸೋಲೂ ಒಂದೊಂದಾಗಿ ಉದುರಿತು. ಟೆಸ್‌ಳ ಮನೆಯಲ್ಲಿ ಗೋಡೆಗೆ ಒಂದು ಮೊಳೆಯೂ ಹೊಡೆದಿರಲಿಲ್ಲ, ಫೋಟೋಗಳೆಲ್ಲ ನೆಲದ ಮೇಲೆ ಗೋಡೆಗೊರಗಿ ನಿಂತಿದ್ದವು. ಗ್ಯಾರೇಜಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಮಡಚಿ ಜೋಪಾನವಾಗಿ ಇಟ್ಟಿದ್ದರು. ತಂಡ ಸೋತಾಗಲೆಲ್ಲ ಅಪ್ಪನ ಕೆಲಸ ಹೋಗಿ ಊರು ಬದಲಾಗುತ್ತಿತ್ತು; ಹುಟ್ಟಿದ ಮೇಲೆ ಅವಳು ನೋಡಿದ ಏಳನೇ ಊರು ಇದು. ಬೆರಳು ಮಡಚಿ ಎಣಿಸುತ್ತಿದ್ದಳು: ಇಲ್ಲಿ ಎರಡು ವರ್ಷ, ಅಲ್ಲಿ ಒಂದು, ಇನ್ನೊಂದು ಕಡೆ ಹತ್ತು ತಿಂಗಳು. ಎಂಟನೇ ತರಗತಿ ಮುಗಿಯುವವರೆಗೆ ಈ ಮನೆ ಬಿಡುವುದಿಲ್ಲ ಎಂದು ಅವಳಪ್ಪ ಮಾತು ಕೊಟ್ಟಿದ್ದರಂತೆ.

ಇದನ್ನು ತಾತನಿಗೆ ಹೇಳಿದೆ. ಅವರಿಗೆ ನಂಬಿಕೆಯೇ ಬರಲಿಲ್ಲ.

"ಹುಡುಗ್ರು ಸೋತ್ರೆ ಮೇಷ್ಟ್ರನ್ನ ತೆಗೆದುಹಾಕ್ತಾರಾ? ಸರಿಯಾಗಿ ಕೇಳಿಸ್ಕೊಂಡ್ಯೇನೇ?"

"ಹೌದು ತಾತ."

"ಹಂಗಾದ್ರೆ ನನ್ನ ಮೂವತ್ತೊಂದು ಸಲ ತೆಗೀಬೇಕಿತ್ತು," ಎಂದರು. ನಗಲಿಲ್ಲ.

ನವೆಂಬರಿನ ಎರಡನೇ ಶುಕ್ರವಾರ ಕೋಚ್ ಬಂದಾಗ ಕಣ್ಣು ಕೆಂಪಗಿತ್ತು. ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ತಾತ ಏನೂ ಕೇಳಲಿಲ್ಲ. ಅದಕ್ಕೇ ಇರಬೇಕು, ಅವರೇ ಹೇಳಿದರು. "ಎಡತುದಿ ಹುಡುಗನ ಮಂಡಿ ಹೋಗಿದೆ. ಭಾನುವಾರ ಅವನು ಆಡಲ್ಲ. ಹೊರಗಡೆ 'ನೋಡೋಣ, ಆಡಿದ್ರೂ ಆಡಬಹುದು' ಅಂತ ಹೇಳಿದೀವಿ. ಎದುರಿನವರು ಅದನ್ನ ನಂಬ್ಕೊಂಡಿದ್ರೆ ಸಾಕು. ಅವನ ಜಾಗಕ್ಕೆ ಇಪ್ಪತ್ತೆರಡು ವರ್ಷದ ಹೊಸಬನ್ನ ಹಾಕ್ತಿದೀನಿ. ಈ ಆಟನೂ ಹೋದ್ರೆ ನನ್ನ ಕೆಲಸ ಹೋಯ್ತು, ಮೇಷ್ಟ್ರೇ."

ಅಷ್ಟನ್ನೂ ತಾತನಿಗೆ ಕನ್ನಡದಲ್ಲಿ ಹೇಳಿದೆ. ಟೆಸ್ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

ತಾತ, "ಹೊಸ ಹುಡುಗನಿಗೆ ಹೇಳಿ, ಎದುರಿನವನ ಮುಖ ನೋಡಬೇಡ, ಸೊಂಟ ನೋಡು ಅಂತ. ಮುಖ ಸುಳ್ಳು ಹೇಳ್ತದೆ, ಸೊಂಟ ಹೇಳಲ್ಲ" ಎಂದರು. ಕೋಚ್ ತಲೆಯಾಡಿಸಿದರು. ಹೋಗುವಾಗ ನನ್ನ ಕಡೆ ತಿರುಗಿ, "ಇದು ಈ ಮೇಜಿಂದ ಆಚೆ ಹೋಗೋ ಮಾತಲ್ಲ" ಎಂದರು. ಅದನ್ನೂ ತಾತನಿಗೆ ಹೇಳಿದೆ. "ಅದ್ನೂ ಹೇಳಬೇಕೇ?" ಎಂದರು ತಾತ.

ಈಗ ನಮ್ಮ ಮನೆಯ ಒಂದು ಅಭ್ಯಾಸ ಹೇಳಬೇಕು. ಅಂಗಡಿಯ ಕ್ಯೂನಲ್ಲಿ ನಿಂತಾಗ ಅಮ್ಮ ದನಿ ತಗ್ಗಿಸದೆ, "ಅಲ್ನೋಡು, ಆಯಮ್ಮನ ಗಾಡಿ ತುಂಬ ಬರೀ ಬೆಕ್ಕಿನ ಊಟ" ಎನ್ನುತ್ತಿದ್ದರು. ಡಾಕ್ಟರ ಎದುರಿಗೇ ಅಪ್ಪ, "ಇವನಿಗೇನೂ ಗೊತ್ತಿರೋ ಹಂಗೆ ಕಾಣಲ್ಲ" ಎನ್ನುತ್ತಿದ್ದರು. ಕನ್ನಡವೆಂದರೆ ನಮಗೆ ಕದ ಹಾಕಿಕೊಂಡ ಕೋಣೆ. ಅದರೊಳಗೆ ಆಡಿದ್ದು ಹೊರಗೆ ಹೋಗುವುದಿಲ್ಲ. ನಾನು ಬೆಳೆದದ್ದೇ ಆ ನಂಬಿಕೆಯಲ್ಲಿ.

ಮಾರನೆಯ ದಿನ ಶನಿವಾರ, ಒಂದು ಶಾಲೆಯ ಸಭಾಂಗಣದಲ್ಲಿ ಕನ್ನಡದವರ ರಾಜ್ಯೋತ್ಸವ. ಹಳದಿ-ಕೆಂಪು ಶಾಲುಗಳು, ಮೈಕಿನ ಕೀರಲು, ಬಿಸಿಬೇಳೆಬಾತಿನ ದೊಡ್ಡ ಅಲ್ಯೂಮಿನಿಯಂ ಟ್ರೇಗಳು. ಅಪ್ಪನ ಸಹೋದ್ಯೋಗಿ ಧಾರವಾಡದ ಬಸು ಅಂಕಲ್ ಊಟದ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು; ಅಪ್ಪ, ಅಮ್ಮ, ತಾತ ಇನ್ನೂ ಒಳಗೆ ಕುರ್ಚಿಯಲ್ಲಿದ್ದರು. ಒಳ್ಳೆಯ ಮನುಷ್ಯ, ಮಕ್ಕಳನ್ನು ಕಂಡರೆ ಜೇಬಿನಿಂದ ಚಾಕೊಲೇಟ್ ಬರುತ್ತಿತ್ತು. ಫುಟ್‌ಬಾಲ್ ಹುಚ್ಚು ಮಾತ್ರ ವಿಪರೀತ. ಆಫೀಸಿನವರೊಂದಿಗೆ ಕಂಪ್ಯೂಟರಿನಲ್ಲಿ ನಿಜವಾದ ಆಟಗಾರರ ಹೆಸರಿಟ್ಟು ತಂಡ ಕಟ್ಟಿ ಆಡುತ್ತಿದ್ದರು, ಅಭಿಮಾನಿಗಳ ವೆಬ್‌ಸೈಟಿನಲ್ಲಿ ಬರೆಯುತ್ತಿದ್ದರು.

"ಈ ಭಾನುವಾರ ನಮ್ಮವ್ರು ಗೆಲ್ತಾರ ನೋಡ್ರಿ," ಎಂದು ಯಾರಿಗೋ ಹೇಳುತ್ತಿದ್ದರು. "ಎಡಕ್ಕ ಆ ಆನಿ ನಿಂತಾನಲ್ಲ, ಅಂವ ಇರೋತನಕ ಯಾರೂ ಒಳಗ ಬರಂಗಿಲ್ಲ."

"ಅವರು ಆಡಲ್ಲ ಅಂಕಲ್," ಎಂದೆ.

ಅವರು ತಿರುಗಿ ನೋಡಿ ನಕ್ಕರು. "ಏನವಾ ತಂಗಿ, ನಿನಗೇನ್ ತಿಳೀತದ ಫುಟ್‌ಬಾಲು? ಹೋಗು, ಹೋಳಿಗಿ ತಿನ್ನು."

ಸುತ್ತಲಿದ್ದವರೂ ನಕ್ಕರು. ಆ ನಗುವಿಗೆ ನನ್ನ ಕಿವಿ ಬಿಸಿಯಾಯಿತು. ವಾರವಾರ ಕೋಚ್ ಪಕ್ಕ ಕೂತು ಈ ಆಟದ ಒಳಗುಟ್ಟನ್ನೆಲ್ಲ ಎರಡು ಭಾಷೆಯಲ್ಲಿ ಆಡುವವಳು ನಾನು! "ಮಂಡಿ ಹೋಗಿದೆ. ಇಪ್ಪತ್ತೆರಡು ವರ್ಷದ ಹೊಸಬನ್ನ ಹಾಕ್ತಾರೆ. ಕೋಚೇ ನಮ್ಮನೇಲಿ ಹೇಳಿದ್ರು," ಎಂದೆ. ಅಚ್ಚ ಕನ್ನಡದಲ್ಲಿ, ಕನ್ನಡದವರ ನಡುವೆ. ಮೇಜಿನಿಂದ ಆಚೆ ಹೋಯಿತೆಂದು ನನಗೆ ಅನಿಸಲೇ ಇಲ್ಲ.

ಬಸು ಅಂಕಲ್ ನಗು ನಿಲ್ಲಿಸಿದರು. "ಹೌದಾ?" ಎಂದರು. ಅವರ ತಟ್ಟೆ ಖಾಲಿಯೇ ಇತ್ತು, ಸಾಲು ಬಿಟ್ಟು ಹೊರಗೆ ಹೋದರು.

ಭಾನುವಾರ ಬೇಸ್‌ಮೆಂಟಿನಲ್ಲಿ ತಾತ, ಅಪ್ಪ, ನಾನು ಟಿವಿ ಎದುರು ಕೂತೆವು. ಆಟ ಶುರುವಾದಾಗಿನಿಂದಲೇ ಎದುರಿನವರು ತಮ್ಮ ಅತಿ ವೇಗದ ಆಟಗಾರನನ್ನು ತಂದು ಆ ಹೊಸ ಹುಡುಗನ ಎದುರಿಗೇ ನಿಲ್ಲಿಸಿದರು. ಟಿವಿಯಲ್ಲಿ ಮಾತಾಡುತ್ತಿದ್ದವನು, "ಇವರಿಗೆ ಮೊದಲೇ ಗೊತ್ತಿದ್ದ ಹಾಗಿದೆ" ಎಂದ. ಚೆಂಡು ಎಸೆಯುವವನು ಒಂದು ಸಲ ಬಿದ್ದ, ಎರಡು ಸಲ ಬಿದ್ದ, ಮೂರನೆಯ ಸಲ ಏಳಲಿಲ್ಲ. ಭುಜ ಹಿಡಿದುಕೊಂಡು ಮಲಗಿದವನನ್ನು ಗಾಡಿಯಲ್ಲಿ ಕರೆದೊಯ್ದರು. ಕ್ಯಾಮೆರಾ ಒಂದು ಕ್ಷಣ ಕೋಚ್ ವೆಂಡೆಲ್‌ರನ್ನು ತೋರಿಸಿತು. ಹೊಸ ಹುಡುಗನ ಹೆಲ್ಮೆಟ್ಟಿಗೆ ತಮ್ಮ ಹಣೆ ತಾಗಿಸಿ ಏನೋ ಹೇಳುತ್ತಿದ್ದರು, ಬಯ್ಯುತ್ತಿರಲಿಲ್ಲ.

ನಾನು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ತಾತ ಬಂದು ಬಾಗಿಲು ತಟ್ಟಿದರು. ತೆರೆದು, ಎಲ್ಲ ಹೇಳಿದೆ. ಅವರು ಕಮೋಡಿನ ಮುಚ್ಚಳದ ಮೇಲೆ ಕೂತು ಕೇಳಿಸಿಕೊಂಡರು. "ಬೇರೆ ಯಾರಿಗಾದ್ರೂ ಗೊತ್ತಾ?" ಎಂದರು. ಇಲ್ಲವೆಂದೆ. "ಸರಿ. ಮುಖ ತೊಳ್ಕೊ."

ಸೋಮವಾರ ಸಂಜೆ ಅಪ್ಪ ಫೋನಿನಲ್ಲಿ ಕೂಗಾಡುತ್ತಿದ್ದರು. ಬಸು ಅಂಕಲ್ ಶನಿವಾರವೇ ಆ ವೆಬ್‌ಸೈಟಿನಲ್ಲಿ ಬರೆದಿದ್ದರು. ಸಾವಿರಾರು ಜನ ಓದಿದ್ದರು. ಫೋನಿನಾಚೆಯಿಂದ ಅವರ ದನಿ ನಮಗೂ ಕೇಳುತ್ತಿತ್ತು. "ನಾ ಯಾರ ಹೆಸರೂ ಹಾಕಿಲ್ರೀ ಸಾಹೇಬ್ರ! ಕೋಚನ ಬಾಜೂ ಮನಿಯವ್ರು ಹೇಳಿದ್ರು ಅಂತ ಅಷ್ಟ ಹಾಕೇನಿ."

ಕೋಚ್ ಮನೆ ನಮ್ಮ ಬೀದಿಯಲ್ಲಿ ಕೊನೆಯದು. ಅದರ ಒಂದು ಪಕ್ಕ ಮಳೆನೀರಿನ ಹೊಂಡ, ಇನ್ನೊಂದು ಪಕ್ಕ ನಾವು.

"ಯಾರು ಹೇಳಿದ್ದು ಬಸುಗೆ?" ಅಪ್ಪ ನಮ್ಮ ಕಡೆ ತಿರುಗಿದರು. "ನಾನೇ," ಎಂದರು ತಾತ. ಅಷ್ಟು ಸಲೀಸಾಗಿ, ಉಪ್ಪು ಕೇಳಿದವರಿಗೆ ಉಪ್ಪು ದಾಟಿಸಿದ ಹಾಗೆ. ಬಸು ಅಂಕಲ್ ಫೋನ್ ಇಟ್ಟಾಗಿತ್ತು. ನಾನು ತಟ್ಟೆ ನೋಡುತ್ತ ಕೂತಿದ್ದೆ.

ಬುಧವಾರ ಮೂರೂವರೆಗೆ ಶಾಲೆಯಿಂದ ಬಂದಾಗ ಪಕ್ಕದ ಮನೆಯೆದುರು ಕೋಚ್ ಕಾರು ನಿಂತಿತ್ತು. ಬುಧವಾರ ಆ ಕಾರನ್ನು ಹಗಲಿನಲ್ಲಿ ನಾನು ಕಂಡೇ ಇರಲಿಲ್ಲ. ಟೆಸ್ ಕೂಡ ನೋಡಿದಳು. ಅಲ್ಲಿಗೆ ಹೋಗದೆ ನನ್ನ ಜೊತೆಯೇ ನಮ್ಮ ಮನೆಯೊಳಗೆ ಬಂದಳು.

ಹತ್ತು ನಿಮಿಷಕ್ಕೆ ಕೋಚ್ ಬಂದರು. ಬಾಗಿಲಲ್ಲೇ ಬೂಟು ಬಿಚ್ಚಿದರು. ನಮ್ಮ ಮನೆಯ ಪದ್ಧತಿ ಅವತ್ತೂ ಮರೆಯಲಿಲ್ಲ. ಕೂರಲಿಲ್ಲ. "ನಿನ್ನೆ ನನ್ನ ತೆಗೆದರು," ಎಂದರು. "ಏಳು ಆಟ ಸೋತಿದೀವಿ, ಅದಕ್ಕೂ ತೆಗೀಬಹುದು. ಆದ್ರೆ ಅವರು ಆ ಬರಹ ನನ್ನ ಮುಂದೆ ಇಟ್ಟು ಕೇಳಿದ್ರು, ನಂಗೆ ಉತ್ತರ ಇರಲಿಲ್ಲ. ನಂಗೆ ಉತ್ತರ ಬೇಕು. ಈ ಮೇಜಲ್ಲಿ ಇದ್ದವರು ನಾಲ್ಕೇ ಜನ."

ಟೆಸ್ ನನ್ನನ್ನು ನೋಡಿದಳು. ನಾನು ತಾತನನ್ನು ನೋಡಿದೆ. ತಾತ ಎದ್ದು ನಿಂತರು, ಡ್ರಿಲ್ ಮೇಷ್ಟ್ರ ಹಾಗೆ, ಹಿಮ್ಮಡಿ ಕೂಡಿಸಿ.

"ಅಮ್ಮಣ್ಣಿ, ಹೇಳು ಅವರಿಗೆ. ಈ ಮುದುಕ ಬಾಯಿ ತಡೀಲಾರದೆ ಹೇಳಿಬಿಟ್ಟ ಅಂತ ಹೇಳು. ನಮ್ಮೋರ ಮುಂದೆ ದೊಡ್ಡಸ್ತಿಕೆ ತೋರಿಸ್ಕೊಳ್ಳೋಕೆ ಹೋದ ಅಂತ ಹೇಳು. ಕೈಮುಗಿದು ಕ್ಷಮೆ ಕೇಳ್ತಾನೆ ಅಂತ ಹೇಳು."

"ತಾತ..."

"ಹೇಳು."

ನಾನು ಹೇಳಿದೆ. ಅಷ್ಟು ದಿನ ಎಷ್ಟೋ ಮಾತು ಬಿಟ್ಟು, ಎಷ್ಟೋ ಸೇರಿಸಿ ತಿರುಗಿಸುತ್ತಿದ್ದ ನಾನು, ಆವತ್ತು ಒಂದು ಪದವನ್ನೂ ಬಿಡದೆ, ಒಂದನ್ನೂ ಸೇರಿಸದೆ, ಪೂರ್ತಿ ಹೇಳಿದೆ.

ಕೋಚ್ ತಾತನ ಮುಖವನ್ನೇ ನೋಡಿದರು. ತಾತ ಮುಗಿದ ಕೈ ಇಳಿಸಲಿಲ್ಲ. "ಒಬ್ಬ ಮೇಷ್ಟ್ರು ಹೀಗೆ ಮಾಡಬಾರದಿತ್ತು ಅಂತ ಹೇಳು," ಎಂದರು ಕೋಚ್. ಅದನ್ನೂ ನಾನೇ ಹೇಳಬೇಕಾಯಿತು. ಟೆಸ್‌ಳ ಬ್ಯಾಗನ್ನು ತಾವೇ ಎತ್ತಿಕೊಂಡು ಹೋದರು. ತಂದೆ-ಮಗಳು ಹುಲ್ಲಿನ ಮೇಲೆ ನಡೆದುಹೋಗುವುದನ್ನು ತಾತ ಕಿಟಕಿಯಿಂದ ನೋಡುತ್ತ ನಿಂತರು.

"ಯಾಕೆ ತಾತ?" ಎಂದು ಅತ್ತೆ.

"ನಾನು ಮಾರ್ಚಿಗೆ ಹೇಗೂ ಹೊರಡೋನು. ನೀನು ಇಲ್ಲೇ ಇರಬೇಕಾದೋಳು," ಎಂದರು. ಕಿಟಕಿಯಾಚೆ ನೋಡುತ್ತಲೇ, "ಒಳ್ಳೇ ಮನುಷ್ಯ," ಎಂದರು. ಅದು ನನಗೆ ಹೇಳಿದ್ದಲ್ಲ.

ಆ ಚಳಿಗಾಲ ನಮ್ಮ ಮನೆಗೆ ಯಾರೂ ಬರಲಿಲ್ಲ. ಟೆಸ್ ಬಸ್ಸಿನಲ್ಲಿ ಮುಂದಿನ ಸೀಟಿಗೆ ಹೋಗಿ ಕೂತಳು. ಅಮ್ಮ ಪಾತ್ರೆ ತೊಳೆಯುತ್ತ ಗೊಣಗುತ್ತಿದ್ದರು, "ಬೀದೀಲಿ ತಲೆಯೆತ್ತೋ ಹಾಗಿಲ್ಲ. ಈ ವಯಸ್ಸಲ್ಲಿ ಬಾಯಿ ಮೇಲೆ ಹಿಡಿತ ಬೇಡ್ವಾ ಮಾವ?" ತಾತ ಟಿವಿಯ ದನಿ ಜೋರು ಮಾಡುತ್ತಿರಲಿಲ್ಲ, ಎದ್ದೂ ಹೋಗುತ್ತಿರಲಿಲ್ಲ, ಕೂತು ಕೇಳಿಸಿಕೊಳ್ಳುತ್ತಿದ್ದರು. ಬಸು ಅಂಕಲ್‌ಗೆ ತಾವೇ ಫೋನ್ ಮಾಡಿ ಏನು ಹೇಳಿಕೊಂಡರೋ, ಅವರೂ ಬಾಯಿ ಬಿಡಲಿಲ್ಲ. ಸಂಕ್ರಾಂತಿಯ ದಿನ ಯಾರದೋ ಮನೆಯಲ್ಲಿ ಒಬ್ಬರು, "ಏನ್ ಮೇಷ್ಟ್ರೇ, ಈ ವಾರ ಯಾರ ಮಂಡಿ ಹೋಗಿದೆ?" ಎಂದು ಕೇಳಿದಾಗ ಎಲ್ಲರ ಜೊತೆ ತಾತನೂ ನಕ್ಕರು. ಎಳ್ಳು-ಬೆಲ್ಲದ ಪೊಟ್ಟಣ ಹಿಡಿದುಕೊಂಡು ನಾನು ಮೂಲೆಯಲ್ಲಿ ನಿಂತಿದ್ದೆ. ಆಗ ಹೇಳಬಹುದಿತ್ತು. ಹೇಳಲಿಲ್ಲ.

ಫೆಬ್ರವರಿಯಲ್ಲಿ ಪಕ್ಕದ ಮನೆಯೆದುರು ಲಾರಿ ನಿಂತಿತು. ಶಿಕಾಗೊದಲ್ಲಿ ಕೆಲಸ ಸಿಕ್ಕಿದೆಯೆಂದು ತಿಳಿಯಿತು. ಮಾರ್ಚಿನಲ್ಲಿ ತಾತ ಹೊರಟರು. ಆಮೇಲೆ ಅಪ್ಪ ಎಷ್ಟು ಕರೆದರೂ ಬರಲಿಲ್ಲ. "ಆ ಚಳಿ ತಡೆಯೋಕಾಗಲ್ಲ ಕಣಪ್ಪ," ಎನ್ನುತ್ತಿದ್ದರು.

ಕೋಚ್ ಎಲ್ಲಿದ್ದಾರೆಂದು ನಾನು ಹುಡುಕುತ್ತಲೇ ಇದ್ದೆ. ಶಿಕಾಗೊದಲ್ಲಿ ಎರಡು ವರ್ಷ, ಅಲ್ಲೂ ತೆಗೆದರು. ಆಮೇಲೆ ದಕ್ಷಿಣದಲ್ಲೊಂದು ಊರು, ಆಮೇಲೆ ಒಂದು ಕಾಲೇಜು, ಆಮೇಲೆ ಹೆಸರೇ ಕಾಣಲಿಲ್ಲ. ಓದು ಮುಗಿಸಿ ನಾನು ಶಿಕಾಗೊ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ಗೆ ಬಂದು ಫಾರ್ಮಸಿಯಲ್ಲಿ ಕೆಲಸಕ್ಕೆ ಸೇರಿದೆ. ಹೋದ ವರ್ಷ ಇಲ್ಲಿನ ಪುಟ್ಟ ಪತ್ರಿಕೆಯಲ್ಲಿ ಒಂದು ಹೈಸ್ಕೂಲು ತಂಡದ ಫೋಟೋ ಬಂತು. ಹಿಂದಿನ ಸಾಲಿನ ತುದಿಯಲ್ಲಿ ಅವರಿದ್ದರು. ನನ್ನ ಮನೆಯಿಂದ ಹನ್ನೊಂದು ಮೈಲಿ. ಆ ಹನ್ನೊಂದು ಮೈಲಿ ಹೋಗಲು ಮೂರು ವಾರ ಬೇಕಾಯಿತು.

ಅಭ್ಯಾಸ ಶುರುವಾಗುವ ಮುಂಚೆ, ಮೈದಾನದ ಬೇಲಿಯ ಹತ್ತಿರ ಸಿಕ್ಕರು. ಕೂದಲೆಲ್ಲ ಬೆಳ್ಳಗಾಗಿತ್ತು, ನಡಿಗೆ ಕುಂಟುತ್ತಿತ್ತು. ಹೆಸರು ಹೇಳಿದೆ. "ಮೇಷ್ಟ್ರ ಮೊಮ್ಮಗಳು!" ಎಂದರು. ನಾನು ಕಾರಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಗಿ ಒಂದೇ ಉಸಿರಿಗೆ, "ಆವತ್ತು ಹೇಳಿದ್ದು ತಾತ ಅಲ್ಲ, ನಾನು" ಎಂದೆ.

ಅವರು ಬೇಲಿ ಹಿಡಿದು ನಿಂತರು. "ಗೊತ್ತಿತ್ತು," ಎಂದರು. "ನಿನ್ನ ಮುಖ ನೋಡಿದಾಗಲೇ ಗೊತ್ತಾಯ್ತು. ಹನ್ನೊಂದು ವರ್ಷದ ಮಗು ಮೇಲೆ ಸಿಟ್ಟು ಮಾಡ್ಕೊಳ್ಳೋಕಾಗಲ್ಲ. ಆವತ್ತು ಸಿಟ್ಟು ತೀರಿಸ್ಕೊಳ್ಳೋಕೆ ನಂಗೆ ಯಾರಾದ್ರೂ ಬೇಕಿತ್ತು. ಅವರಾಗೇ ಎದುರಿಗೆ ಬಂದು ನಿಂತ್ರು, ನಾನು ಉಪಯೋಗಿಸಿಕೊಂಡೆ. ಕೆಲಸ ಹೇಗೂ ಹೋಗ್ತಿತ್ತು." ಆಮೇಲೆ ಕೇಳಿದರು, "ಮೇಷ್ಟ್ರು ಹೇಗಿದಾರೆ?"

"ತೀರಿಕೊಂಡು ನಾಲ್ಕು ವರ್ಷವಾಯಿತು."

ಹುಡುಗರು ಕಾಯುತ್ತಿದ್ದರು. ಅವರು ನನ್ನ ಭುಜ ಮುಟ್ಟಿ ಮೈದಾನಕ್ಕೆ ಇಳಿದರು. ನಾನು ಕಾರಿನಲ್ಲಿ ಕೂತು ಲೆಕ್ಕ ಹಾಕಿದೆ. ತಾತ ತೀರಿಕೊಳ್ಳುವ ಮುಂಚೆ ಹನ್ನೊಂದು ವರ್ಷ ಇಬ್ಬರೂ ಬದುಕಿದ್ದರು, ಇಬ್ಬರ ಹತ್ತಿರವೂ ಫೋನಿತ್ತು, ನಡುವೆ ಮಾತು ದಾಟಿಸುವವಳು ನಾನೊಬ್ಬಳಿದ್ದೆ. ಅಷ್ಟು ವರ್ಷದ ಶುಕ್ರವಾರಗಳು ಅವರಿಬ್ಬರಿಗೂ ಸಿಗಲಿಲ್ಲ.

ಮನೆಗೆ ಬಂದು ನಾರ್ತ್‌ವಿಲ್‌ಗೆ ಫೋನ್ ಮಾಡಿದೆ. ಅಮ್ಮ ಎತ್ತಿದರು. ಎಲ್ಲ ಹೇಳಿದೆ. ಆ ಕಡೆ ನಲ್ಲಿ ನಿಲ್ಲಿಸಿದ ಸದ್ದು ಕೇಳಿತು. ಆಮೇಲೆ ಅಮ್ಮ, "ಮಾವನಿಗೆ ಎಷ್ಟೊಂದು ಅಂದುಬಿಟ್ನಲ್ಲೇ," ಎಂದರು.